ಎಲ್ಲ ಅಲೆಗೂ ಒಂದೇ ಸೂತ್ರ ಹಾಕಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ವಿಜ್ಞಾನ ಪುಟದಲ್ಲಿ ಅಲೆಗಳ ಬಗ್ಗೆ ಒಂದು ಲೇಖನ ಬಂದಿತ್ತು. ಬರವಣಿಗೆ ಚೆನ್ನಾಗಿತ್ತು, ತಕರಾರಿಲ್ಲ. ತಕರಾರು ಇರುವುದು ಪಕ್ಕದ ಚಿತ್ರದ ಮೇಲೆ. ಬಾರಿಸುತ್ತಿರುವ ಒಂದು ಗಂಟೆ, ಒಂದು ರೇಡಿಯೊ ಕಂಬ, ನೀರಿಗೆ ಬಿದ್ದ ಒಂದು ಕಲ್ಲು. ಮೂರರ ಮುಂದೆಯೂ ಒಂದೇ ಥರದ ಗೆರೆ ಇಳಿಯುತ್ತಾ ಹೋಗುತ್ತದೆ. ಕೆಳಗೆ ಒಂದು ಸಾಲು: ದೂರ ಎರಡರಷ್ಟಾದರೆ ಬಲ ನಾಲ್ಕನೇ ಒಂದು ಭಾಗ, ಇದು ಎಲ್ಲ ಅಲೆಗೂ ಅನ್ವಯ. ಆ 'ಎಲ್ಲ' ಅನ್ನುವ ಒಂದೇ ಮಾತಿಗೋಸ್ಕರ ಈ ಕಾಗದ.

ನಾನು ಮೇಷ್ಟ್ರಲ್ಲ. ಇಪ್ಪತ್ತೆರಡು ವರ್ಷ ಸರಕು ಹಡಗುಗಳಲ್ಲಿ ರೇಡಿಯೊ ಆಫೀಸರ್ ಆಗಿದ್ದೆ. ಹಡಗಿನಲ್ಲಿ ಯಾರೂ ನಮ್ಮ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲ ಹಡಗಿನಲ್ಲೂ ರೇಡಿಯೊ ಆಫೀಸರ್ ಅಂದರೆ 'ಸ್ಪಾರ್ಕ್ಸ್'. ಕಿವಿಗೆ ಹೆಡ್‌ಫೋನ್, ಬಲಗೈ ಕೆಳಗೆ ಮೋರ್ಸ್ ಕೀ, ಅಂದರೆ ಚುಕ್ಕೆ-ಗೆರೆಯ ಸಂಕೇತದಲ್ಲಿ ಸಂದೇಶ ಕಳಿಸುವ ಗುಂಡಿ. ಯಾವ ಅಲೆ ಎಷ್ಟು ದೂರ ಹೋಗುತ್ತದೆ ಅನ್ನುವುದು ನನಗೆ ಪಾಠವಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು.

ಮೊದಲು ನಿಮ್ಮ ಲೇಖಕರು ಸರಿಯಾಗಿ ಹೇಳಿದ್ದನ್ನು ಒಪ್ಪಿಕೊಂಡುಬಿಡುತ್ತೇನೆ. ಒಂದು ಚುಕ್ಕೆಯಿಂದ ಹೊರಟ ಅಲೆ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದರೆ ಅದು ಊದುತ್ತಿರುವ ಬಲೂನಿನ ಹಾಗೆ. ಬಲೂನು ಅಡ್ಡಳತೆಯಲ್ಲಿ ಎರಡರಷ್ಟಾದರೆ ಮೈ ನಾಲ್ಕರಷ್ಟಾಗುತ್ತದೆ. ಇದ್ದ ಶಕ್ತಿಯನ್ನೇ ನಾಲ್ಕರಷ್ಟು ಜಾಗಕ್ಕೆ ಹಂಚಬೇಕು. ಹಾಗಾಗಿ ಒಂದೊಂದು ಜಾಗಕ್ಕೆ ಕಾಲು ಪಾಲು. ಇಲ್ಲಿ ಏನೂ ನಷ್ಟವಾಗಿಲ್ಲ, ಬರೀ ಹಂಚಿಕೆ ಆಗಿದೆ. ಆದರೆ ಅಲೆಗೆ ನಾಲ್ಕೂ ಕಡೆ, ಮೇಲೆ, ಕೆಳಗೆ, ಎಲ್ಲಾ ಖಾಲಿ ಜಾಗ ಇದ್ದರೆ ಮಾತ್ರ ಈ ಲೆಕ್ಕ. ಭೂಮಿಯ ಮೇಲೆ ಅಂಥ ಜಾಗ ಎಲ್ಲಿದೆ ಹೇಳಿ?

ನಮ್ಮ ರೇಡಿಯೊ ರೂಮಿನ ಗೋಡೆ ಮೇಲೆ ಒಂದು ಗಡಿಯಾರ ಇರುತ್ತಿತ್ತು. ಅದರ ಮುಖದ ಮೇಲೆ ಎರಡು ಕೆಂಪು ತುಂಡು ಬಳಿದಿರುತ್ತಿದ್ದರು, ಗಂಟೆ ದಾಟಿ 15ರಿಂದ 18 ನಿಮಿಷ, ಆಮೇಲೆ 45ರಿಂದ 48 ನಿಮಿಷ. ಮುಳ್ಳು ಕೆಂಪಿಗೆ ಬಂದಾಗ ಜಗತ್ತಿನ ಎಲ್ಲ ಹಡಗುಗಳೂ 500 ಕಿಲೋಹರ್ಟ್ಸ್‌ನಲ್ಲಿ ಬಾಯಿ ಮುಚ್ಚಿಕೊಂಡು ಕಿವಿ ತೆರೆಯಬೇಕಿತ್ತು. ಎಲ್ಲೋ ಮುಳುಗುತ್ತಿರುವ ಹಡಗಿನ ಸಣ್ಣ ದನಿ ಆ ಮೂರು ನಿಮಿಷದಲ್ಲಾದರೂ ಯಾರಿಗಾದರೂ ಕೇಳಲಿ ಅಂತ.

ಆ ಮೂರು ನಿಮಿಷ ದಿನಕ್ಕೆ ಎಷ್ಟೋ ಸಲ ಸುಮ್ಮನೆ ಕೂತು ಕೇಳಿದವನಿಗೆ ಒಂದು ವಿಷಯ ಮೈಗೆ ಹತ್ತಿಬಿಡುತ್ತದೆ. ಮಧ್ಯಾಹ್ನದ ಕೆಂಪು ನಿಮಿಷ ಬೇರೆ, ರಾತ್ರಿಯದು ಬೇರೆ. ಮಧ್ಯಾಹ್ನ ಸುತ್ತಲಿನ ಕೆಲವು ನೂರು ಕಿಲೋಮೀಟರ್ ಅಷ್ಟೇ ನಮ್ಮ ಜಗತ್ತು. ಕೆಂಪು ಮುಗಿದ ತಕ್ಷಣ ನಾಲ್ಕೈದು ಹಡಗು ಮಾತಾಡುತ್ತವೆ, ಮುಗಿಯಿತು. ಸೂರ್ಯ ಮುಳುಗಿ ಅರ್ಧ ಗಂಟೆ ಆಗಲಿ, ಎಲ್ಲಿದ್ದವರೆಲ್ಲ ಎದ್ದು ಬರುತ್ತಾರೆ. ಸಾವಿರ, ಎರಡು ಸಾವಿರ ಕಿಲೋಮೀಟರ್ ಆಚೆಯ ಕರಾವಳಿ ಕೇಂದ್ರ ಪಕ್ಕದ ರೂಮಿನಿಂದ ಬಂದ ಹಾಗೆ ಬರುತ್ತದೆ. ಕೇಂದ್ರ ಅಲ್ಲೇ ಇದೆ. ನಾವೂ ಹೆಚ್ಚುಕಮ್ಮಿ ಅಲ್ಲೇ ಇದ್ದೇವೆ. ದೂರ ಬದಲಾಗಲಿಲ್ಲ. ನಿಮ್ಮ ಚಿತ್ರದ ಗೆರೆ ಇದಕ್ಕೇನು ಹೇಳುತ್ತದೆ?

ಕಾರಣ ತಲೆ ಮೇಲೆ ಇದೆ. ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ, ಬಿಸಿಲಿದ್ದಾಗ ಮಾತ್ರ, ಗಾಳಿಯ ಅಣುಗಳಿಂದ ಎಲೆಕ್ಟ್ರಾನ್‌ಗಳು ಬಿಡಿಸಿಕೊಂಡು ಒಂದು ಪದರ ಆಗುತ್ತದೆ. ಡಿ ಪದರ ಅಂತಾರೆ. ನಮ್ಮ 500 ಕಿಲೋಹರ್ಟ್ಸಿನಂಥ ಮೀಡಿಯಂ ವೇವ್ ಅಲೆ ಬಂದು ಆ ಎಲೆಕ್ಟ್ರಾನ್‌ಗಳನ್ನು ಅಲ್ಲಾಡಿಸುತ್ತದೆ. ಅವು ಅಲ್ಲಾಡುವಾಗ ಅಕ್ಕಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆದು ಪಡೆದ ಶಕ್ತಿಯನ್ನು ಶಾಖ ಮಾಡಿಬಿಡುತ್ತವೆ. ಇದು ಹಂಚಿಕೆ ಅಲ್ಲ, ದಾರಿಯಲ್ಲಿ ವಸೂಲಿ ಮಾಡುವ ಸುಂಕ. ಕತ್ತಲಾದ ಮೇಲೆ ಸುಂಕದ ಕಟ್ಟೆಯೇ ಮಾಯ. ಅಲೆ ಇನ್ನೂ ಮೇಲಕ್ಕೆ ಹೋಗಿ, ಅಲ್ಲಿ ರಾತ್ರಿಯೂ ಉಳಿಯುವ ಪದರಕ್ಕೆ ಬಾಗಿ ವಾಪಸ್ ಬರುತ್ತದೆ.

1901ರ ಡಿಸೆಂಬರ್ 12ರಂದು ಮಾರ್ಕೋನಿ ಇಂಗ್ಲೆಂಡಿನ ಪೋಲ್ಡುವಿನಿಂದ ಕಳಿಸಿದ ಮೂರು ಚುಕ್ಕೆಯನ್ನು ಅಟ್ಲಾಂಟಿಕ್ ಆಚೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟದ ಏರಿಯಲ್ ಕಟ್ಟಿ ಕೇಳಿದ್ದು ಎಲ್ಲರಿಗೂ ಗೊತ್ತು. ಆದರೆ ಅದು ಮಧ್ಯಾಹ್ನದ ಹೊತ್ತು. ಆ ಹೊತ್ತಲ್ಲಿ ಆ ಅಲೆ ಅಷ್ಟು ದೂರ ಬಂತು ಅನ್ನುವುದರ ಮೇಲೆ ನನ್ನ ಕಿವಿಗೆ ಈಗಲೂ ಅನುಮಾನ. ನನಗೊಬ್ಬನಿಗೇ ಅಲ್ಲ, ತಿಳಿದವರು ಎಷ್ಟೋ ಜನ ಹಾಗೇ ಹೇಳಿದ್ದಾರೆ. ಮರುವರ್ಷ ಫೆಬ್ರವರಿಯಲ್ಲಿ ಅವನೇ ಫಿಲಡೆಲ್ಫಿಯಾ ಹಡಗಿನಲ್ಲಿ ಕೂತು ಪರೀಕ್ಷೆ ಮಾಡಿದ. ಹಗಲಲ್ಲಿ ಸುಮಾರು 700 ಮೈಲಿಗೆ ದನಿ ನಿಂತಿತು. ರಾತ್ರಿ 2000 ಮೈಲಿ ದಾಟಿತು. ಅದನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತೇನೆ, ಯಾಕೆಂದರೆ ನಾನೂ ದಿನಾ ಕೇಳಿದ್ದು ಅದನ್ನೇ.

ಶಾರ್ಟ್ ವೇವ್ ಇನ್ನೂ ತಮಾಷೆ. ನೂರಿನ್ನೂರು ಕಿಲೋಮೀಟರ್ ಹತ್ತಿರದ ಕೇಂದ್ರ ಕೇಳುವುದಿಲ್ಲ, ಮೂರು ಸಾವಿರ ಕಿಲೋಮೀಟರಿನದು ಕೇಳುತ್ತದೆ. ನೆಲ ಹಿಡಿದು ಹೋಗುವ ಅಲೆ ಬೇಗ ಸುಸ್ತಾಗುತ್ತದೆ, ಆಕಾಶಕ್ಕೆ ಹೋದದ್ದು ಬಹಳ ದೂರ ಹೋಗಿ ಇಳಿಯುತ್ತದೆ. ನಡುವೆ ಇರುವವರಿಗೆ ಎರಡೂ ಇಲ್ಲ. ಕೆಲವು ರಾತ್ರಿ ಒಂದು ಚುಕ್ಕೆ ಎರಡು ಸಲ ಕೇಳುತ್ತಿತ್ತು. ಮೊದಲು ನೇರ ಬಂದದ್ದು, ಎರಡನೆಯದು ಭೂಮಿಯನ್ನು ಪೂರ್ತಿ ಸುತ್ತಿ ಬಂದದ್ದು. ನಡುವೆ ಸೆಕೆಂಡಿನ ಏಳನೇ ಒಂದು ಭಾಗ. ನಿಮಿಷಕ್ಕೆ 20 ಪದದ ವೇಗದಲ್ಲಿ ಮೋರ್ಸ್ ಹೊಡೆಯುವವನಿಗೆ ಅದು ಎರಡು ಚುಕ್ಕೆಯಷ್ಟು ಹೊತ್ತು. ಬರೆದುಕೊಳ್ಳುವವನ ಗತಿ ಕೇಳಬೇಡಿ. ನಲವತ್ತು ಸಾವಿರ ಕಿಲೋಮೀಟರ್ ಸುತ್ತಿ ಬಂದ ಅಲೆ, ಇನ್ನೂ ನನ್ನ ಕೆಲಸ ಕೆಡಿಸುವಷ್ಟು ಗಟ್ಟಿ!

ಇನ್ನು ಸದ್ದಿನ ವಿಷಯ. ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕು.

ಒಮ್ಮೆ ದಟ್ಟ ಮಂಜು. ರಾಡಾರ್ ಕೆಟ್ಟಿತ್ತು. ಅದನ್ನು ರಿಪೇರಿ ಮಾಡಬೇಕಾದವನು ನಾನೇ. ಹಿಂದಿನ ರಾತ್ರಿಯೇ ಅದು ಕೈಕೊಡುವ ಲಕ್ಷಣ ತೋರಿಸಿತ್ತು, ಬೆಳಿಗ್ಗೆ ನೋಡಿದರಾಯಿತು ಅಂತ ಮಲಗಿದ್ದೆ. ಮಂಜಿನಲ್ಲಿ ಓಡುವ ಹಡಗು ಎರಡು ನಿಮಿಷಕ್ಕೊಮ್ಮೆಯಾದರೂ ಹಾರ್ನಿನಿಂದ ಒಂದು ಉದ್ದ ಕೂಗು ಹಾಕಬೇಕು, ಅಂತರರಾಷ್ಟ್ರೀಯ ನಿಯಮ. ಎದುರಿನ ಎಡಗಡೆಯಿಂದ ಒಂದು ಕೂಗು ಕೇಳಿತು. ಬಹಳ ಕ್ಷೀಣ. ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎರಡು ಮೈಲಿಗಿಂತ ಆಚೆ ಇದೆ ಅಂದುಕೊಂಡೆವು. ನಾನು ತಲೆ ಕೂಡ ಆಡಿಸಿದೆ. ಅಷ್ಟರಲ್ಲಿ ಎಲ್ಲಕ್ಕಿಂತ ಮೇಲಿನ ಡೆಕ್ಕಿನಲ್ಲಿ ಕಾವಲು ನಿಂತಿದ್ದ ಹುಡುಗ ಕೂಗಿಕೊಂಡ, ಹತ್ತಿರ ಇದೆ, ಬಹಳ ಹತ್ತಿರ! ಎಂಜಿನ್ ನಿಲ್ಲಿಸಿದೆವು. ನಾಲ್ಕು ನಿಮಿಷದಲ್ಲಿ ಒಂದು ಕಪ್ಪು ಗೋಡೆ ಮಂಜಿನಿಂದ ಹೊರಬಂದು ನಮ್ಮ ಮುಂದೆ ಅಡ್ಡ ಹಾದುಹೋಯಿತು. ಅದರ ಬದಿಯಲ್ಲಿ ತುಕ್ಕು ಹಿಡಿದ ತಗಡಿನ ಜೋಡಣೆ ಎಣಿಸಬಹುದಾಗಿತ್ತು.

ಅವನಿಗೆ ಕೇಳಿದ್ದು ನಮಗೆ ಯಾಕೆ ಕೇಳಲಿಲ್ಲ? ಆಮೇಲೆ ಕೂತು ಯೋಚಿಸಿದೆ. ಗಾಳಿ ನಮ್ಮ ಕಡೆಯಿಂದ ಆ ಹಡಗಿನ ಕಡೆಗೆ ಬೀಸುತ್ತಿತ್ತು. ನೀರಿನ ಹತ್ತಿರ ಗಾಳಿ ಮೆಲ್ಲಗೆ, ಮೇಲೆ ಹೋದಂತೆ ಜೋರು. ಎದುರುಗಾಳಿಗೆ ಬರುವ ಸದ್ದಿನ ಮೇಲ್ಭಾಗಕ್ಕೆ ತಡೆ ಜಾಸ್ತಿ, ಕೆಳಭಾಗಕ್ಕೆ ಕಡಿಮೆ. ಪಕ್ಕಪಕ್ಕದಲ್ಲಿ ಸಾಲಾಗಿ ನಡೆಯುವವರಲ್ಲಿ ಒಂದು ತುದಿಯವರು ನಿಧಾನವಾದರೆ ಇಡೀ ಸಾಲು ಆ ಕಡೆಗೆ ತಿರುಗುತ್ತದೆ ಅಲ್ವಾ? ಹಾಗೇ ಸದ್ದು ಮೇಲಕ್ಕೆ ಬಾಗಿ ನಮ್ಮ ತಲೆ ಮೇಲೆ ಹಾದುಹೋಗುತ್ತಿತ್ತು. ಹುಡುಗ ಎತ್ತರದಲ್ಲಿದ್ದ, ಅವನಿಗೆ ಸಿಕ್ಕಿತು. ಗಾಳಿಯ ಜೊತೆಗೆ ಬರುವ ಸದ್ದು ಇದಕ್ಕೆ ಉಲ್ಟಾ, ಕೆಳಕ್ಕೆ ಬಾಗುತ್ತದೆ. ನಿಂತ ನೀರಿನ ಮೇಲೆ ತಣ್ಣನೆಯ ರಾತ್ರಿ ಆಚೆ ದಡದ ಪಿಸುಮಾತು ಕೇಳುವುದೂ ಹೀಗೇ, ಅಲ್ಲಿ ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ತಂಪು ಗಾಳಿಯಲ್ಲಿ ಸದ್ದು ನಿಧಾನ. ಮತ್ತೆ ಅದೇ ಸಾಲಿನ ಕಥೆ, ಈ ಸಲ ಕೆಳಕ್ಕೆ ತಿರುಗುತ್ತದೆ.

ಭೌತವಿಜ್ಞಾನಿ ಜಾನ್ ಟಿಂಡಲ್ 1873ರಲ್ಲೇ ಇಂಗ್ಲಿಷ್ ಕಡಲ್ಗಾಲುವೆಯ ದಂಡೆಯಲ್ಲಿ ಕಹಳೆ, ತೋಪು ಹಚ್ಚಿ ಇದನ್ನೆಲ್ಲ ಪರೀಕ್ಷೆ ಮಾಡಿದ್ದ. ಮಂಜು ಸದ್ದನ್ನು ನುಂಗುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಅವನಿಗೆ ಕಂಡದ್ದು ಉಲ್ಟಾ, ಕೆಲವು ಸಲ ಸ್ವಚ್ಛ ಹಗಲಲ್ಲೇ ಸದ್ದು ಸತ್ತುಹೋಗುತ್ತಿತ್ತು, ದಟ್ಟ ಮಂಜಿನಲ್ಲಿ ಚೆನ್ನಾಗಿ ಬರುತ್ತಿತ್ತು. ನನಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅವತ್ತು ತಲೆ ಆಡಿಸುತ್ತಿರಲಿಲ್ಲ. ಕ್ಷೀಣ ಅಂದರೆ ದೂರ ಅನ್ನುವ ಅಭ್ಯಾಸ ನಿಮ್ಮ ಚಿತ್ರ ಕಲಿಸುವ ಅಭ್ಯಾಸವೇ. ಅದಕ್ಕೇ ಈ ಕಾಗದ ಇಷ್ಟು ಉದ್ದವಾಗುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ.

ಸದ್ದಿಗೂ ಸುಂಕ ಇದೆ, ಅದೂ ತಾರತಮ್ಯದ ಸುಂಕ. ನೂರು ಹರ್ಟ್ಸಿನ, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ, ದಪ್ಪ ದನಿಯಿಂದ ಗಾಳಿ ಕಿಲೋಮೀಟರಿಗೆ ಅರ್ಧ ಡೆಸಿಬೆಲ್ (ಸದ್ದಿನ ಅಳತೆ) ಕೂಡ ಕಿತ್ತುಕೊಳ್ಳುವುದಿಲ್ಲ. ಹತ್ತು ಸಾವಿರ ಹರ್ಟ್ಸಿನ ಕೀರಲು ದನಿಯಿಂದ ಸಾಮಾನ್ಯ ಹವೆಯಲ್ಲಿ ನೂರು ಡೆಸಿಬೆಲ್‌ಗಿಂತ ಜಾಸ್ತಿ ಕೀಳುತ್ತದೆ. ಹತ್ತಿರದ ಸಿಡಿಲು ಚಟಾರ್ ಅನ್ನುತ್ತದೆ, ದೂರದ್ದು ಬರೀ ಗುಡುಗುಡು. ಚಟಾರ್ ಅನ್ನುವ ಭಾಗ ದಾರಿಯಲ್ಲೇ ಉಳಿದುಬಿಟ್ಟಿರುತ್ತದೆ. 200 ಮೀಟರ್ ಮತ್ತು ಅದಕ್ಕೂ ಉದ್ದದ ಹಡಗಿನ ಕೂಗು 70ರಿಂದ 200 ಹರ್ಟ್ಸ್ ಒಳಗೇ ಇರಬೇಕು ಅಂತ ನಿಯಮ ಇದೆ. ದೊಡ್ಡ ಹಡಗಿಗೆ ದಪ್ಪ ದನಿ ಬರೀ ಗತ್ತಿಗಲ್ಲ.

ಕೆಲವು ಅಲೆಗೆ ಹಂಚಿಕೆಯೇ ಇಲ್ಲ, ಬರೀ ಸುಂಕ. ಈಗ ಸಮುದ್ರದ ತಳದಲ್ಲಿ ಹಾಸಿರುವ ಗಾಜಿನ ಎಳೆ (ಆಪ್ಟಿಕಲ್ ಫೈಬರ್) ನೋಡಿ. ಅದರೊಳಗೆ ಹೊಕ್ಕ ಬೆಳಕು ಪಕ್ಕಕ್ಕೆ ಹರಡುವಂತಿಲ್ಲ. ಒಳ್ಳೆಯ ಎಳೆಯಲ್ಲಿ ಹದಿನೈದು ಕಿಲೋಮೀಟರಿಗೆ ಅರ್ಧ ಉಳಿಯುತ್ತದೆ. ಇನ್ನು ಹದಿನೈದಕ್ಕೆ ಅದರಲ್ಲಿ ಅರ್ಧ. 150 ಕಿಲೋಮೀಟರ್ ಹೊತ್ತಿಗೆ ಸಾವಿರದಲ್ಲಿ ಒಂದು ಪಾಲು, 300ಕ್ಕೆ ಹತ್ತು ಲಕ್ಷದಲ್ಲಿ ಒಂದು. ಶುರುವಿನಲ್ಲಿ ಸಾಧು, ಆಮೇಲೆ ಕ್ರೂರಿ. ಅದಕ್ಕೇ ದಾರಿಯುದ್ದಕ್ಕೂ ಬೆಳಕನ್ನು ಮತ್ತೆ ಮತ್ತೆ ಹಿಗ್ಗಿಸುವ ಪೆಟ್ಟಿಗೆ ಕೂರಿಸಿದ್ದಾರೆ.

ಈಗ ನಿಮ್ಮ ಚಿತ್ರದ ಕಲ್ಲಿಗೆ ಬರೋಣ. ನೀರಿನ ಮೇಲಿನ ಅಲೆಗೆ ಮೇಲೆ ಹೋಗುವ ದಾರಿ ಇಲ್ಲ, ಅದು ಬಲೂನಲ್ಲ, ಉಂಗುರ. ಉಂಗುರ ಎರಡರಷ್ಟಾದರೆ ಸುತ್ತಳತೆ ಎರಡರಷ್ಟು ಅಷ್ಟೇ. ಶಕ್ತಿ ಅರ್ಧವಾಗುತ್ತದೆ, ಕಾಲಲ್ಲ. ಇಷ್ಟು ತಿದ್ದಿ ಮುಗಿಸಬಹುದಿತ್ತು. ಆದರೆ ಸಮುದ್ರದ ಮೇಲೆ ಬದುಕಿದವನಿಗೆ ಅಷ್ಟಕ್ಕೇ ಬಿಡಲು ಮನಸ್ಸು ಬರುವುದಿಲ್ಲ.

ಗಾಳಿ ಒಂಚೂರೂ ಇಲ್ಲದ ದಿನ, ನೀರು ಎಣ್ಣೆಯ ಹಾಗೆ ಹೊಳೆಯುವಾಗ, ಹಡಗು ಇದ್ದಕ್ಕಿದ್ದ ಹಾಗೆ ನಿಧಾನಕ್ಕೆ ಏರಿ ಇಳಿಯಲು ಶುರು ಮಾಡುತ್ತದೆ. ನಾವು ಸ್ವೆಲ್ ಅನ್ನುತ್ತಿದ್ದೆವು. ಸಾವಿರಾರು ಕಿಲೋಮೀಟರ್ ಆಚೆ ಯಾವತ್ತೋ ಎದ್ದ ಬಿರುಗಾಳಿಯ ಅಲೆ ಅದು. ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ ಎಷ್ಟು ಸೆಕೆಂಡ್ ಅಂತ ಗಡಿಯಾರ ಹಿಡಿದು ನೋಡುತ್ತಿದ್ದೆ. ಮೊದಲ ದಿನ 20 ಸೆಕೆಂಡ್. ಮರುದಿನ ಅದೇ ಹೊತ್ತಿಗೆ 16. ಆಳ ನೀರಿನಲ್ಲಿ ಉದ್ದ ಅಲೆಯ ಓಟ ಜೋರು. 20 ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 56 ಕಿಲೋಮೀಟರ್ ಸಾಗುತ್ತದೆ, 16 ಸೆಕೆಂಡಿನದು ಸುಮಾರು 45. ಒಂದೇ ಬಿರುಗಾಳಿಯಿಂದ ಒಟ್ಟಿಗೆ ಹೊರಟು ಒಂದು ದಿನದ ಅಂತರದಲ್ಲಿ ತಲುಪಿವೆ. ಅಂದರೆ ಮೊದಲಿನದಕ್ಕೆ ನಾಲ್ಕು ದಿನ ಹಿಡಿದಿದೆ, ಎರಡನೆಯದಕ್ಕೆ ಐದು. ದೂರ ಐದು ಸಾವಿರ ಕಿಲೋಮೀಟರ್ ಚಿಲ್ಲರೆ. ಇಷ್ಟನ್ನು ಒಂದು ಪೆನ್ಸಿಲ್ ಹಿಡಿದು ಚೀಟಿಯ ಹಿಂದೆ ಲೆಕ್ಕ ಹಾಕಬಹುದು.

ವಾಲ್ಟರ್ ಮಂಕ್ ಅನ್ನುವ ಸಾಗರ ವಿಜ್ಞಾನಿ 1963ರಲ್ಲಿ ಇದನ್ನೇ ದೊಡ್ಡದಾಗಿ ಮಾಡಿದರು. ಅಂಟಾರ್ಕ್ಟಿಕಾ ಕಡೆಯ ಬಿರುಗಾಳಿಯಲ್ಲಿ ಹುಟ್ಟಿದ ಅಲೆಯನ್ನು ಪೆಸಿಫಿಕ್ ಉದ್ದಕ್ಕೂ ಅಲಾಸ್ಕಾವರೆಗೆ ಹಿಂಬಾಲಿಸಿದರು. ಬಿರುಗಾಳಿಯ ಸುತ್ತಮುತ್ತಲು ಬಿಟ್ಟ ಮೇಲೆ ಆ ಉದ್ದ ಅಲೆಗಳು ದಾರಿಯಲ್ಲಿ ಕಳೆದುಕೊಂಡದ್ದು ಅತ್ಯಲ್ಪ. ಸುಂಕವೇ ಇಲ್ಲದ ಪಯಣ.

ಒಂದು ಸಣ್ಣ ಕೆಲಸ ನಿಮ್ಮ ಓದುಗರು ಮಾಡಿ ನೋಡಲಿ. ಸ್ವಲ್ಪ ದೊಡ್ಡ ಕಲ್ಲನ್ನೇ ನಿಂತ ನೀರಿಗೆ ಹಾಕಿ. ಹೊರಗೆ ಹೋಗುತ್ತಿರುವ ಉಂಗುರದ ಗುಂಪಿನಲ್ಲಿ ಒಂದೇ ಉಬ್ಬಿನ ಮೇಲೆ ಕಣ್ಣು ನೆಡಿ. ಅದು ಗುಂಪಿನ ಹಿಂದೆ ಹುಟ್ಟುತ್ತದೆ, ಗುಂಪಿಗಿಂತ ಎರಡರಷ್ಟು ಬೇಗ ಓಡಿ ಮುಂದಕ್ಕೆ ಬರುತ್ತದೆ, ಮುಂದಿನ ಅಂಚಿಗೆ ಬಂದು ಕಣ್ಣೆದುರೇ ಮಾಯವಾಗುತ್ತದೆ. ಅಷ್ಟರಲ್ಲಿ ಹಿಂದೆ ಇನ್ನೊಂದು ಹುಟ್ಟಿರುತ್ತದೆ. ಮೊದಲ ಸಲ ನೋಡಿದಾಗ ನನ್ನ ಕಣ್ಣೇ ಸರಿ ಇಲ್ಲ ಅಂದುಕೊಂಡಿದ್ದೆ. ಅಂಟಾರ್ಕ್ಟಿಕಾದಲ್ಲಿ ಹುಟ್ಟಿದ ಉಬ್ಬು ಅಲಾಸ್ಕಾ ಮುಟ್ಟುವುದಿಲ್ಲ. ಮುಟ್ಟುವುದು ಶಕ್ತಿ, ಉಬ್ಬುಗಳು ಅದನ್ನು ಕೈಯಿಂದ ಕೈಗೆ ದಾಟಿಸುತ್ತವೆ.

ಸುನಾಮಿಯ ಬಗ್ಗೆ ಒಂದೇ ಮಾತು. 1960ರ ಮೇ 22ರ ಚಿಲಿ ಭೂಕಂಪದ ಸುನಾಮಿ ಸುಮಾರು 15 ಗಂಟೆಯಲ್ಲಿ ಹವಾಯಿಯ ಹೀಲೊ ಊರಿಗೆ ಬಂದು 61 ಜನರನ್ನು ಕೊಂದಿತು. 22 ಗಂಟೆಯಲ್ಲಿ 17,000 ಕಿಲೋಮೀಟರ್ ಆಚೆಯ ಜಪಾನಿಗೆ ಬಂತು, ಅಲ್ಲಿ ಸತ್ತವರು ಇನ್ನೂ ಜಾಸ್ತಿ. ದೂರದ ಊರಿಗೆ ಬಂದದ್ದು ಯಾಕೆ ಕುಗ್ಗಿರಲಿಲ್ಲ? ಭೂಮಿ ಚಪ್ಪಟೆ ಅಲ್ಲ. ದುಂಡು ಮೈ ಮೇಲೆ ಹರಡುವ ಉಂಗುರ ಹತ್ತು ಸಾವಿರ ಕಿಲೋಮೀಟರ್‌ವರೆಗೆ ಹಿಗ್ಗುತ್ತದೆ, ಅದು ದಾಟಿದ ಮೇಲೆ ಎದುರು ಬದಿಯ ಕಡೆಗೆ ಮತ್ತೆ ಕುಗ್ಗುತ್ತಾ ಬರುತ್ತದೆ. ಹರಡಿಹೋದ ಶಕ್ತಿ ಮತ್ತೆ ಒಟ್ಟುಗೂಡುತ್ತದೆ. ದೂರ ಜಾಸ್ತಿಯಾದರೂ ಬಲ ಕೂಡಿಕೊಳ್ಳುತ್ತದೆ, ಇದಕ್ಕೆ ನಿಮ್ಮ ಗೆರೆಯನ್ನು ತಲೆಕೆಳಗು ಮಾಡಬೇಕಾಗುತ್ತದೆ.

ನೀರಿನೊಳಗಿನ ಸದ್ದೂ ಹೀಗೆ. ಸಮುದ್ರದಲ್ಲಿ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ ಸದ್ದಿನ ವೇಗ ಅತಿ ಕಡಿಮೆ. ಮೇಲೆ ಬೆಚ್ಚಗಿನ ನೀರು, ಕೆಳಗೆ ಒತ್ತಡ, ಎರಡೂ ಕಡೆ ವೇಗ ಜಾಸ್ತಿ. ಹೊರಗೆ ಹೋಗಲು ನೋಡಿದ ಸದ್ದು ಮತ್ತೆ ನಡುವಿಗೇ ಬಾಗುತ್ತದೆ. 1960ರಲ್ಲಿ ಆಸ್ಟ್ರೇಲಿಯಾದ ಪರ್ತ್ ಹತ್ತಿರ ಸಿಡಿಸಿದ ಮದ್ದಿನ ಸದ್ದು ಅಟ್ಲಾಂಟಿಕ್‌ನ ಬರ್ಮುಡಾದಲ್ಲಿ ಕೇಳಿತು, ಭೂಮಿಯ ಅರ್ಧ ಸುತ್ತಿನಷ್ಟು ದೂರ, ಮೂರುಮುಕ್ಕಾಲು ಗಂಟೆಯ ಹತ್ತಿರ ಹಿಡಿಯಿತು. ಅದೇ ಉಪ್ಪು ನೀರಿಗೆ ನನ್ನ 500 ಕಿಲೋಹರ್ಟ್ಸ್ ಇಳಿದರೆ ಅರ್ಧ ಮೀಟರ್ ಹೋಗುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಆದರೆ ಆ ನೀರಿನ ಮೇಲ್ಮೈ ಹಿಡಿದು ಹೋಗುವಾಗ ಮಾತ್ರ ಒಣ ನೆಲಕ್ಕಿಂತ ಎಷ್ಟೋ ದೂರ ಹೋಗುತ್ತದೆ. ಒಂದೇ ಅಲೆ, ಒಂದೇ ನೀರು. ಮೇಲೆ ಗೆಳೆಯ, ಒಳಗೆ ಶತ್ರು.

ಹಾಗಾದರೆ ನಿಮ್ಮ ಲೇಖಕರ ಸೂತ್ರ ಚಾಚೂ ತಪ್ಪದೆ ನಡೆಯುವ ಜಾಗ ಇಲ್ಲವೇ? ಇದೆ. 1977ರಲ್ಲಿ ಹೊರಟ ವಾಯೇಜರ್ 1 ಬಾಹ್ಯಾಕಾಶ ನೌಕೆ ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅದರ ರೇಡಿಯೊ ಶಕ್ತಿ ಇಪ್ಪತ್ತು ಚಿಲ್ಲರೆ ವ್ಯಾಟ್, ಒಂದು ಸಣ್ಣ ಬಲ್ಬಿನಷ್ಟು. ಅಲ್ಲಿಂದ ದನಿ ಬರಲು 22 ಗಂಟೆಗೂ ಜಾಸ್ತಿ ಬೇಕು. ನಡುವೆ ಸುಂಕವಿಲ್ಲ, ಗೋಡೆಯಿಲ್ಲ, ಬಾಗಿಸುವ ಪದರ ಇಲ್ಲವೆನ್ನುವಷ್ಟು ಕಡಿಮೆ. ಬರೀ ಹಂಚಿಕೆ. ಅದಕ್ಕೇ 70 ಮೀಟರ್ ಅಗಲದ, ಬಟ್ಟಲಿನಂಥ ಆಂಟೆನಾ ಹಿಡಿದು ಕೂತರೆ ಆ ಚೂರು ಇನ್ನೂ ಸಿಗುತ್ತದೆ. ಗಾಜಿನ ಎಳೆಯಲ್ಲಾಗಿದ್ದರೆ ಅದು ಎಂದೋ ಸೊನ್ನೆ. ಆ ಚಿತ್ರವನ್ನು ಮತ್ತೆ ಹಾಕುವುದಾದರೆ ಗಂಟೆ, ಕಂಬ, ಕಲ್ಲು ಮೂರನ್ನೂ ತೆಗೆದು ಒಂದು ನೌಕೆ ಬರೆಸಿ. ಗೆರೆ ಹಾಗೇ ಇರಲಿ.

ಇನ್ನೊಂದು ತಪ್ಪಿದೆ, ಇದನ್ನು ಮಾತ್ರ ದಯವಿಟ್ಟು ನಾಳೆಯೇ ತಿದ್ದಿ. ಲೇಖನದ ಕೊನೆಯ ಪೆಟ್ಟಿಗೆಯಲ್ಲಿ, ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡ್ ಆಯಿತೋ ಸಿಡಿಲು ಅಷ್ಟು ಕಿಲೋಮೀಟರ್ ದೂರ ಅಂತ ಅಚ್ಚಾಗಿದೆ. ಅದು ತಪ್ಪು. ಗಾಳಿಯಲ್ಲಿ ಸದ್ದು ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡ್ ಬೇಕು. ಆರು ಎಣಿಸಿದವನಿಗೆ ಸಿಡಿಲು ಎರಡೇ ಕಿಲೋಮೀಟರಿನಲ್ಲಿದೆ. ನಿಮ್ಮ ಪೆಟ್ಟಿಗೆ ನಂಬಿದವನು ಆರು ಕಿಲೋಮೀಟರ್ ಇದೆಯಲ್ಲ ಅಂತ ಬಯಲಲ್ಲೇ ನಿಂತಿರುತ್ತಾನೆ.

ಇತಿ ನಿಮ್ಮ ಓದುಗ,
ನಿವೃತ್ತ ಹಡಗು ರೇಡಿಯೊ ಆಫೀಸರ್